ಅಮ್ಮಂಗೆ ಅಂತ ತಂದ ನೆನಪಿನ ಶಕ್ತಿ ಕ್ಯಾಪ್ಸೂಲ್, ಎರಡನೇ ಡಬ್ಬಿ ಮಧ್ಯದಲ್ಲೇ ನಿಲ್ಲಿಸಿದ ಮೇಲೆ ಬರೀತಿದೀನಿ

ಅಮ್ಮಂಗೆ 74. ಒಂದು ವರ್ಷದಿಂದ ಮರೆವು ಜಾಸ್ತಿ ಆಗಿತ್ತು, ಹೇಳಿದ್ದನ್ನೇ ಹೇಳೋದು, ಕೇಳಿದ್ದನ್ನೇ ಅರ್ಧ ಗಂಟೆ ಬಿಟ್ಟು ಮತ್ತೆ ಕೇಳೋದು, ಒಂದಿನ ಮೊಮ್ಮಗಳ ಹೆಸರು ನಾಲಿಗೆ ತುದೀಲಿದ್ರೂ ಬರ್ದೆ ಕಣ್ಣಲ್ಲಿ ನೀರು ಹಾಕ್ಕೊಂಡ್ಬಿಟ್ರು. ಅವತ್ತು ರಾತ್ರಿನೇ ಆನ್‌ಲೈನಲ್ಲಿ ಹುಡುಕಿ ಇದನ್ನ ಆರ್ಡರ್ ಮಾಡ್ದೆ. ಕಂಪನಿ ಹೆಸರು ಬರೀತಿಲ್ಲ, ಹೆಚ್ಚುಕಮ್ಮಿ ಇದೇ ಮಿಶ್ರಣ ಬೇರೆ ಬೇರೆ ಹೆಸರಲ್ಲಿ ಎಷ್ಟೋ ಸಿಗುತ್ತೆ. ಮೀನೆಣ್ಣೆಯ ಡಿಎಚ್‌ಎ ಅನ್ನೋ ಒಮೆಗಾ-3 ಕೊಬ್ಬು, ದಿನಕ್ಕೆ ಎರಡು ಕ್ಯಾಪ್ಸೂಲ್ ಲೆಕ್ಕದಲ್ಲಿ ವಿಟಮಿನ್ ಇ 400 ಐಯು (ವಿಟಮಿನ್ ಅಳೆಯೋ ಒಂದು ಮಾನ), ಗಿಂಕ್ಗೊ ಅನ್ನೋ ಮರದ ಎಲೆ ಸಾರ 240 ಮಿಲಿಗ್ರಾಂ, ಆಮೇಲೆ 'ಆಂಟಿಆಕ್ಸಿಡೆಂಟ್ ಬ್ಲೆಂಡ್' ಅಂತ ಒಂದು, ಅದ್ರಲ್ಲಿ ಯಾವುದು ಎಷ್ಟಿದೆ ಅಂತ ಎಲ್ಲೂ ಹಾಕಿಲ್ಲ. 'ಮೆದುಳಿನ ಆಕ್ಸಿಡೇಟಿವ್ ಸ್ಟ್ರೆಸ್ ತಗ್ಗಿಸುತ್ತದೆ' ಅನ್ನೋದು ಮಾತ್ರ ದೊಡ್ಡಕ್ಷರದಲ್ಲಿದೆ.

ಮೊದಲನೇ ತಕರಾರು ಮುಚ್ಚಳದ್ದು. ಒತ್ತಿ ತಿರುಗಿಸೋ ಮುಚ್ಚಳ, ಗಂಟು ಊದಿರೋ ಬೆರಳಿಗೆ ಅದು ಆಗೋ ಕೆಲಸ ಅಲ್ಲ. ವಯಸ್ಸಾದವ್ರಿಗೆ ಅಂತಲೇ ಮಾಡಿರೋ ಸಾಮಾನು, ಅವ್ರ ಕೈಲೇ ತೆಗೆಯೋಕಾಗಲ್ಲ ಅಂದ್ರೆ ಹೇಗೆ? ಅಮ್ಮ ಮುಚ್ಚಳ ಸಡಿಲ ಬಿಟ್ಟು ಕಿಟಕಿ ಹತ್ರ ಇಡ್ತಿದ್ರಂತೆ, ನಂಗೆ ಗೊತ್ತಿಲ್ಲ. ಕೆಲವು ವಾರ ಆದ್ಮೇಲೆ ಒಂದು ಕ್ಯಾಪ್ಸೂಲ್ ಕತ್ತರಿಸಿ ಮೂಸಿದ್ರೆ ಹಳೇ ಎಣ್ಣೆ ತರ ಕಮಟು ವಾಸನೆ.

ಆ ವಾಸನೆಯಿಂದಲೇ ನಂಗೆ ಈ ಆಕ್ಸಿಡೇಶನ್ ಅಂದ್ರೇನು ಅಂತ ಸರಿಯಾಗಿ ತಲೆಗೆ ಹೋಗಿದ್ದು. ಡಿಎಚ್‌ಎ ತರದ ಕೊಬ್ಬು ಆಕ್ಸಿಜನ್ ಸೋಕಿದ್ರೆ ಬೇಗ ಕೆಡುತ್ತೆ, ಮತ್ತೆ ನಮ್ಮ ಮೆದುಳಿನ ಜೀವಕೋಶಗಳ ಪೊರೆಯಲ್ಲಿ ಹೇರಳವಾಗಿರೋದು ಇದೇ ಡಿಎಚ್‌ಎ. ಮೆದುಳು ದೇಹದ ತೂಕದಲ್ಲಿ ಬರೀ ಶೇ. 2ರಷ್ಟು, ಆದ್ರೆ ನಾವು ಸುಮ್ನೆ ಕೂತಿರುವಾಗ ಬಳಸೋ ಆಕ್ಸಿಜನ್‌ನಲ್ಲಿ ಸುಮಾರು ಶೇ. 20 ಅದೊಂದಕ್ಕೇ ಬೇಕು. ಅಷ್ಟು ಉರಿಯೋ ಕಡೆ ಕಿಡಿ ಹಾರದೆ ಇರುತ್ತಾ, ಆ ಕಿಡಿಗಳೇ ಫ್ರೀ ರ‍್ಯಾಡಿಕಲ್ಸ್. ಅವು ಜಾಸ್ತಿಯಾಗಿ ಕೋಶಗಳನ್ನ ಕೆಡಿಸೋದೇ ಆಕ್ಸಿಡೇಟಿವ್ ಸ್ಟ್ರೆಸ್. ಅವನ್ನ ಆರಿಸೋಕೆ ದೇಹದಲ್ಲೇ ಗ್ಲುಟಾಥಯೋನ್ ಅಂತೆಲ್ಲ ಏರ್ಪಾಡಿದೆ, ವಯಸ್ಸಾಗ್ತಾ ಅದು ಸೋಲುತ್ತೆ. ಮುಪ್ಪು ಬರೋದೇ ಇದ್ರಿಂದ ಅಂತ ಅಮೆರಿಕದ ವಿಜ್ಞಾನಿ ಡೆನ್ಹಮ್ ಹಾರ್ಮನ್ 1956ರಲ್ಲೇ ವಾದ ಮಂಡಿಸಿದ್ರು. ಅಂದ್ರೆ ಡಬ್ಬಿ ಮೇಲೆ ಹೇಳಿರೋ ಸಮಸ್ಯೆ ಸುಳ್ಳಲ್ಲ.

ಪರಿಹಾರ ಅಂತ ಹೇಳಿರೋದೇ ನಿಲ್ಲಲ್ಲ. ಕೊಳ್ಳೋ ಮುಂಚೆ ಓದಬೇಕಿತ್ತು, ಆಮೇಲೆ ಓದಿದೆ. ಗಿಂಕ್ಗೊನ ಇದೇ 240 ಮಿಲಿಗ್ರಾಂ ಡೋಸಲ್ಲಿ 75 ದಾಟಿದ 3069 ಜನಕ್ಕೆ ಸುಮಾರು 6 ವರ್ಷ, ಅರ್ಧ ಜನಕ್ಕೆ ಅಸಲಿ ಅರ್ಧ ಜನಕ್ಕೆ ಖಾಲಿ ಮಾತ್ರೆ ಕೊಟ್ಟು ನೋಡಿದಾರೆ, 2008ರಲ್ಲಿ ಫಲಿತಾಂಶ ಬಂತು, ಡಿಮೆನ್ಶಿಯಾ, ಅಂದ್ರೆ ಮರೆವಿನ ಕಾಯಿಲೆ, ಬರೋದು ಕಮ್ಮಿ ಆಗ್ಲಿಲ್ಲ. ವಿಟಮಿನ್ ಇ ದಿನಕ್ಕೆ 2000 ಐಯು, ಅಂದ್ರೆ ಇದರ ಐದು ಪಟ್ಟು, ಮರೆವು ಶುರುವಾದವ್ರಿಗೆ 3 ವರ್ಷ ಕೊಟ್ಟ 2005ರ ಅಧ್ಯಯನದಲ್ಲೂ ಅದರದ್ದೇ ಒಂದು ಬಗೆಯಾದ ಅಲ್ಜೈಮರ್ಸ್‌ ಕಡೆಗೆ ಜಾರೋದು ನಿಲ್ಲಲಿಲ್ಲ. ಆದ್ರೆ ಒಂದು ಮಾತು ಹೇಳ್ಬೇಕು, 2014ರಲ್ಲಿ 613 ಜನರ ಮೇಲೆ ಮಾಡಿದ್ದರಲ್ಲಿ, ಆಗಲೇ ಅಲ್ಜೈಮರ್ಸ್‌ ಇದ್ದವ್ರಿಗೆ ಅಷ್ಟೇ ದೊಡ್ಡ ಡೋಸ್ ಕೊಟ್ಟಾಗ ಸ್ನಾನ, ಬಟ್ಟೆ ಹಾಕ್ಕೊಳ್ಳೋದು ಇಂಥ ದಿನನಿತ್ಯದ ಕೆಲಸದ ಶಕ್ತಿ ಕುಗ್ಗೋದು ಸ್ವಲ್ಪ ನಿಧಾನ ಆಯ್ತು, ನೆನಪಿನ ಪರೀಕ್ಷೇಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣ್ಲಿಲ್ಲ. ಅದು ಡಾಕ್ಟರ್ ಕಣ್ಗಾವಲಲ್ಲಿ ಕೊಟ್ಟಿದ್ದು. ಅಪ್ಪಂಗೆ ಕೊಡ್ಬೇಕು ಅಂದ್ಕೊಂಡಿರೋರು ಇದನ್ನೂ ಓದಿ, ದಿನಕ್ಕೆ 400 ಐಯು ವಿಟಮಿನ್ ಇ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಜಾಸ್ತಿ ಕಂಡಿದೆ ಅಂತ 2011ರಲ್ಲಿ ಬಂದಿದೆ.

ನಮ್ಮನೇಲಿ ಏನಾಯ್ತು ಅಂದ್ರೆ, ಎರಡನೇ ಡಬ್ಬಿ ಶುರು ಮಾಡಿ 20 ದಿನಕ್ಕೆ ಅಮ್ಮನ ಮುಂಗೈ ಮೇಲೆ ದೊಡ್ಡ ನೀಲಿ ಕಲೆ, ಎಲ್ಲೂ ಬಡಿಸ್ಕೊಂಡಿಲ್ಲ ಅಂತಾರೆ. ಅನುಮಾನ ಬಂದು ಡಬ್ಬಿನ ಹಾಸಿಗೆ ಮೇಲೆ ಸುರಿದು ಎಣಿಸಿದೆ. 60ರಲ್ಲಿ 20 ಉಳಿದಿರ್ಬೇಕಿತ್ತು, ಇದ್ದಿದ್ದು 11. ತಗೊಂಡಿದ್ದು ಮರ್ತು ಮತ್ತೆ ತಗೊಳ್ತಿದ್ರು. ಪಕ್ಕದಲ್ಲೇ ನಿಂತು ನೋಡ್ತಾ ಇದ್ದ ಅಮ್ಮ 'ನಾನು ಸರಿಯಾಗೇ ತಗೊಂಡೆ ಕಣೋ' ಅಂದ್ರು, ಆ ದನಿ ಇನ್ನೂ ಕಿವೀಲಿದೆ. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಗೊಳ್ತಾರೆ, ಗಿಂಕ್ಗೊ ಮತ್ತು ಜಾಸ್ತಿ ವಿಟಮಿನ್ ಇ ಅದ್ರ ಜೊತೆ ಸೇರಿದ್ರೆ ರಕ್ತಸ್ರಾವ ಹೆಚ್ಚಾಗ್ಬಹುದು ಅಂತ ಡಬ್ಬಿ ಮೇಲೆ ಇರ್ಲಿಲ್ಲ. 'ಡಾಕ್ಟರನ್ನು ಕೇಳಿ' ಅಂತ ಇತ್ತು, ಅದೂ ತಳದಲ್ಲಿ, ಸಾಸಿವೆ ಕಾಳಷ್ಟು ಅಕ್ಷರದಲ್ಲಿ. ಇದಕ್ಕೆ ನಂಗೆ ನಿಜವಾಗ್ಲೂ ಸಿಟ್ಟಿದೆ.

ಡಾಕ್ಟರ್ ಅವತ್ತೇ ನಿಲ್ಲಿಸಿ ಅಂದ್ರು. ಥೈರಾಯ್ಡ್, ಬಿ12 ಪರೀಕ್ಷೆ ಮಾಡ್ಸಿದ್ರು, ನಿದ್ದೆ ಹೇಗೆ, ಕಿವಿ ಕೇಳುತ್ತಾ, ಬೇರೆ ಯಾವ ಮಾತ್ರೆ ಎಲ್ಲಾ ಕೇಳಿದ್ರು. ಬಿ12 ತುಂಬಾ ಕಮ್ಮಿ ಇತ್ತು. ಸಕ್ಕರೆ ಕಾಯಿಲೆಗೆ ವರ್ಷಗಟ್ಲೆ ಮೆಟ್ಫಾರ್ಮಿನ್ ತಗೊಳ್ಳೋರಿಗೆ ಹೀಗಾಗೋದುಂಟಂತೆ, ಅದ್ರಿಂದಲೂ ಮರೆವು ಬರುತ್ತಂತೆ. ಇಂಜೆಕ್ಷನ್ ಶುರುವಾಗಿ ಎರಡು ತಿಂಗಳಾಯ್ತು. ಮರೆವು ಪೂರ್ತಿ ಹೋಯ್ತು ಅಂತ ಹೇಳಲ್ಲ, ಮೊನ್ನೆನೂ ಕನ್ನಡಕ ಎಲ್ಲಿ ಅಂತ ಎರಡು ಸಲ ಕೇಳಿದ್ರು, ಆದ್ರೆ ಮಂಕು ಕಮ್ಮಿ ಆಗಿದೆ, ಮಾತಿನ ಮಧ್ಯ ತಡವರಿಸೋದು ಕಮ್ಮಿ.

ಐದಕ್ಕೆ ಒಂದು ಸ್ಟಾರ್ ಕೊಡ್ತೀನಿ, ಆ ಒಂದೂ ಡೆಲಿವರಿ ಹೇಳಿದ ದಿನಕ್ಕೆ ಬಂತು ಅಂತ. ಮೂರನೇ ಡಬ್ಬಿ ಸೀಲ್ ಒಡೆದಿರಲಿಲ್ಲ, ವಾಪಸ್ ತಗೋತೀರಾ ಅಂತ ಕೇಳಿ ಮೇಲ್ ಹಾಕಿದೀನಿ, ಇನ್ನೂ ಉತ್ತರ ಬಂದಿಲ್ಲ.