ಗಂಗಾವತಿ ರಸ್ತೆಗಳಲ್ಲಿ ಎರಡೂವರೆ ವರ್ಷ: ಸೈಕಲ್‌ನ ಜಿಪಿಎಸ್ ಕಂಪ್ಯೂಟರ್ ಮತ್ತು ಆ್ಯಕ್ಷನ್ ಕ್ಯಾಮೆರಾ

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ನಮ್ಮ ಕಡೆ ಒಂದು ಮಾತಿದೆ. ಹ್ಯಾಂಡಲ್ ಮೇಲಿನ ಈ ಎರಡು ಸಾಮಾನು ನೋಡಿದಾಗೆಲ್ಲ ನನಗೆ ಅದೇ ನೆನಪಾಗುತ್ತದೆ. ವೇಗ, ದೂರ, ದಾರಿ ತೋರಿಸುವ ಜಿಪಿಎಸ್ ಕಂಪ್ಯೂಟರ್ ಕಾಲಿಗೆ, ಓಡುತ್ತಲೇ ವಿಡಿಯೊ ತೆಗೆಯುವ ಪುಟ್ಟ ಕ್ಯಾಮೆರಾ ಕಣ್ಣಿಗೆ. ಎರಡಕ್ಕೂ ಒಟ್ಟಿಗೆ ದುಡ್ಡು ಹೊಂದುವುದಿಲ್ಲ ಅಂದರೆ ಮೊದಲು ಯಾವುದು ಕೊಳ್ಳಬೇಕು ಎಂದು ಹೊಸದಾಗಿ ಸೈಕಲ್ ಹಿಡಿದ ಹುಡುಗರು ಕೇಳುತ್ತಾರೆ. 16 ಸಾವಿರ ಕಿಲೋಮೀಟರ್ ತುಳಿದ ಮೇಲೆ ನನ್ನ ಉತ್ತರ ಗಟ್ಟಿಯಾಗಿದೆ. ಮೊದಲು ಕಂಪ್ಯೂಟರ್. ಕ್ಯಾಮೆರಾ ಒಂದು ವರ್ಷ ಬಿಟ್ಟು ಬಂದರೂ ನಡೆಯುತ್ತದೆ.

ನಾನಿರುವುದು ಗಂಗಾವತಿ. ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ ಐದೂವರೆಗೆ ಹೊರಟು ಆನೆಗೊಂದಿ, ಸಾಣಾಪುರದ ಕಡೆ ಹೋಗಿ ಬರುತ್ತೇನೆ. ಭಾನುವಾರ ಹುಲಿಗಿ, ಮುನಿರಾಬಾದ್‌ವರೆಗೆ, ಇಲ್ಲವೇ ಕನಕಗಿರಿ ದಾರಿ. ಎರಡು ಸಲ 200 ಕಿಲೋಮೀಟರ್‌ನ ಬ್ರೆವೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಮುಗಿಸಿದ್ದೇನೆ. ನನ್ನ ಬಳಿ ಇರುವ ಕಂಪ್ಯೂಟರ್ ಮತ್ತು ಕ್ಯಾಮೆರಾದ ಕಂಪನಿ ಹೆಸರು ಇಲ್ಲಿ ಬರೆದಿಲ್ಲ. ಕಷ್ಟಪಟ್ಟದ್ದನ್ನೂ ಹೇಳಬೇಕಲ್ಲ, ನನಗೆ ಸಿಕ್ಕ ಒಂದು ಪೀಸ್ ಕೆಟ್ಟಿತು ಅಂತ ಕಂಪನಿಯನ್ನೇ ದೂರುವುದು ಸರಿಯಲ್ಲ.

ಮೊದಲ ಆರು ತಿಂಗಳು ನಾನೂ ಮೊಬೈಲನ್ನೇ ಹ್ಯಾಂಡಲ್‌ಗೆ ಕಟ್ಟಿಕೊಂಡಿದ್ದೆ. ಚಳಿಗಾಲ ಹೇಗೋ ಕಳೆಯಿತು. ಮಾರ್ಚ್ ಬಂದ ಮೇಲೆ ಒಂಬತ್ತು ಗಂಟೆಗೆಲ್ಲ ಮೊಬೈಲ್ ಬಿಸಿಯಾಗಿ ಪರದೆ ತಾನೇ ಮಬ್ಬಾಗುತ್ತಿತ್ತು. ಬೆವರಿನ ಬೆರಳಿಗೆ ಟಚ್ ಕೇಳುತ್ತಿರಲಿಲ್ಲ. ಕಂಪ್ಯೂಟರ್ ತಗೊಂಡಾಗ ಮೊದಲು ಗೊತ್ತಾದ ವ್ಯತ್ಯಾಸವೇ ಪರದೆ. ಇದರ ಪರದೆ ಬಿಸಿಲನ್ನೇ ವಾಪಸ್ ಹೊಡೆದು ಅಕ್ಷರ ತೋರಿಸುವಂಥದ್ದು. ಬಿಸಿಲು ಏರಿದಷ್ಟೂ ಚೆನ್ನಾಗಿ ಕಾಣುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಅಂಗಡಿಯ ಒಳಗೆ ಮಂಕಾಗಿ ಕಾಣುತ್ತದೆ ಅಂತ ಬಿಡಬೇಡಿ. ಕೈಯಲ್ಲಿ ಹಿಡಿದು ಹೊರಗೆ ಬಿಸಿಲಿಗೆ ಬಂದು ನೋಡಿ. ಟಚ್ ಬದಲು ಒತ್ತುವ ಗುಂಡಿ ಇರುವುದನ್ನೇ ಆರಿಸಿ. ನಮ್ಮ ಬೆವರು, ಧೂಳು, ಮಳೆ ಮೂರಕ್ಕೂ ಗುಂಡಿಯೇ ವಾಸಿ. ಗಾರ್ಮಿನ್ ಕಂಪನಿಯ ಎಡ್ಜ್ 540 ಬರೀ ಗುಂಡಿಯದು, 840ರಲ್ಲಿ ಗುಂಡಿ, ಟಚ್ ಎರಡೂ ಇವೆ. ನಾನಾದರೆ 540 ಸಾಕು ಎನ್ನುತ್ತೇನೆ.

ಆದರೆ ಕಂಪ್ಯೂಟರ್ ಮೊದಲು ಅನ್ನಲು ಕಾರಣ ಪರದೆ ಅಲ್ಲ, ಎದೆಬಡಿತ ಅಳೆದು ಕಂಪ್ಯೂಟರ್‌ಗೆ ಕಳಿಸುವ, ಎದೆಗೆ ಕಟ್ಟುವ ಪಟ್ಟಿ. ಅದು ಬರುವ ಮೊದಲು ಒಂದು ಏಪ್ರಿಲ್‌ನಲ್ಲಿ ಕಾರಟಗಿಗೆ ಹೋಗಿ ವಾಪಸ್ ಬರುತ್ತಿದ್ದೆ. ಹತ್ತೂವರೆ ಗಂಟೆ. ಕಾಲು ನೋಯುತ್ತಿರಲಿಲ್ಲ, ವೇಗವೂ ಇಳಿದಿರಲಿಲ್ಲ. ಇದ್ದಕ್ಕಿದ್ದಂತೆ ಆ ಬಿಸಿಲಿನಲ್ಲೂ ಮೈ ಜುಮ್ಮೆಂದು ಚಳಿಯಾಯಿತು, ಕಣ್ಣು ಕತ್ತಲೆ ಬಂತು. ರೈಸ್ ಮಿಲ್ ಒಂದರ ಮುಂದೆ ಬೇವಿನ ಮರದ ಕೆಳಗೆ ಕುಸಿದು ಕೂತೆ. ಹಮಾಲರೊಬ್ಬರು ತಲೆ ಮೇಲೆ ಕೊಡ ನೀರು ಸುರಿದು, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದರು. ಅರ್ಧ ಗಂಟೆ ಏಳಲು ಬಿಡಲಿಲ್ಲ.

ಪಟ್ಟಿ ಕಟ್ಟಲು ಶುರು ಮಾಡಿದ ಮೇಲೆ ಅವತ್ತು ಆದದ್ದು ಏನು ಅಂತ ತಿಳಿಯಿತು. ಡಿಸೆಂಬರ್‌ನಲ್ಲಿ ಆನೆಗೊಂದಿ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ನನ್ನ ಎದೆಬಡಿತ 138ರ ಆಸುಪಾಸು. ಅದೇ ರಸ್ತೆ, ಅದೇ ವೇಗ, ಏಪ್ರಿಲ್‌ನ ಎಂಟೂವರೆಗೆ 155 ದಾಟುತ್ತದೆ. ಮೈ ತಣಿಸಲು ರಕ್ತ ಚರ್ಮದ ಕಡೆ ಹೋಗುತ್ತದೆ. ಬೆವರಿ ಬೆವರಿ ರಕ್ತದಲ್ಲಿನ ನೀರೂ ಇಳಿಯುತ್ತದೆ. ಅಷ್ಟೇ ಕೆಲಸಕ್ಕೆ ಹೃದಯ ಜಾಸ್ತಿ ಸಲ ಬಡಿಯಬೇಕಾಗುತ್ತದೆ. ಇದು ಕಾಲಿಗೆ ಗೊತ್ತಾಗುವುದಿಲ್ಲ. ನಾನು 160ಕ್ಕೆ ಎಚ್ಚರಿಕೆ ಇಟ್ಟಿದ್ದೇನೆ. ಬೀಪ್ ಬಂದರೆ ಗೇರ್ ಇಳಿಸಿ, ಮೊದಲು ಸಿಕ್ಕ ನೆರಳಲ್ಲಿ ನಿಲ್ಲುತ್ತೇನೆ. ನಿಮ್ಮ ಅಂಕಿ ಬೇರೆ ಇರುತ್ತದೆ, ನಿಮ್ಮ ಚಳಿಗಾಲದ ಲೆಕ್ಕ ನೋಡಿ ಇಟ್ಟುಕೊಳ್ಳಿ. 40 ಡಿಗ್ರಿ ದಾಟುವ ಊರಲ್ಲಿ ಸೈಕಲ್ ಹೊಡೆಯುವವರು ಬೇರೆ ಏನು ಬಿಟ್ಟರೂ ಈ ಪಟ್ಟಿ ಬಿಡಬಾರದು ಅಂತ ಕೈಮುಗಿದು ಹೇಳುತ್ತೇನೆ.

ಇನ್ನು ಜಿಪಿಎಸ್ ಎಷ್ಟು ಕರಾರುವಾಕ್ಕು ಅನ್ನುವುದು. ಕನಕಗಿರಿಯ ಬಯಲಲ್ಲಿ ಯಾವ ಕಂಪ್ಯೂಟರ್ ಆದರೂ ಸರಿಯೇ ತೋರಿಸುತ್ತದೆ. ಸಾಣಾಪುರದ ಕಡೆ ಬಂಡೆಗಳ ನಡುವೆ ಹೋದಾಗ ನೋಡಬೇಕು. ಉಪಗ್ರಹದಿಂದ ಬರುವ ಸಂಕೇತ ಬಂಡೆಗೆ ಬಡಿದು ತಡವಾಗಿ ತಲುಪುತ್ತದೆ, ಯಂತ್ರಕ್ಕೆ ದೂರದ ಲೆಕ್ಕ ತಪ್ಪುತ್ತದೆ. ಮನೆಗೆ ಬಂದು ನಕ್ಷೆ ತೆರೆದರೆ ನಾನು ಸೈಕಲ್ ಸಮೇತ ಬಂಡೆ ಹತ್ತಿ ಇಳಿದ ಹಾಗೆ ಗೆರೆ ಇರುತ್ತದೆ. ಎರಡು ತರಂಗಾಂತರಗಳನ್ನು ಒಟ್ಟಿಗೆ ಕೇಳುವ ಹೊಸ ಯಂತ್ರಗಳಲ್ಲಿ ಈ ತೊಂದರೆ ಕಡಿಮೆ. ಹಾಗಂತ ಅದಕ್ಕಾಗಿಯೇ ದುಡ್ಡು ಸುರಿಯಬೇಕಿಲ್ಲ. ಚಕ್ರಕ್ಕೆ ಸ್ಪೀಡ್ ಸೆನ್ಸರ್ ಹಾಕಿ, ಟೈರ್ ಸುತ್ತಳತೆ ಸರಿಯಾಗಿ ತುಂಬಿ. 700×32 ಟೈರ್‌ಗೆ 2155 ಮಿಲಿಮೀಟರ್. ಅಷ್ಟು ಮಾಡಿದರೆ ದೂರದ ಲೆಕ್ಕ ಬಂಡೆ ನಡುವೆಯೂ ತಪ್ಪುವುದಿಲ್ಲ.

ಏರು ರಸ್ತೆ ಬಂದಾಗ ಇನ್ನೆಷ್ಟು ಏರಬೇಕು ಅಂತ ತೋರಿಸುವ ಸೌಲಭ್ಯಕ್ಕೆ ಕೆಲವು ಮಾದರಿಗಳಲ್ಲಿ ಜಾಸ್ತಿ ಬೆಲೆ. ಸಂಡೂರು ಘಟ್ಟಕ್ಕೆ ವಾರ ವಾರ ಹೋಗುವವರಿಗೆ ಅದು ಬೇಕು. ಕಾಲುವೆ ದಂಡೆಯ ಮಟ್ಟಸ ರಸ್ತೆಯಲ್ಲಿ ತಿರುಗುವ ನಮಗೆ ಬೇಡ. ಎತ್ತರ ಅಳೆಯುವುದು ಗಾಳಿಯ ಒತ್ತಡದಿಂದ. ಹೀಗಾಗಿ ಮೇ ತಿಂಗಳ ಸಂಜೆ ಮೋಡ ಕಟ್ಟಿ ಬಿರುಗಾಳಿ ಬಂದರೆ, ಹೊರಟ ಜಾಗಕ್ಕೇ ವಾಪಸ್ ಬಂದರೂ 14 ಮೀಟರ್ ಮೇಲೆ ಬಂದಿದ್ದೀರಿ ಅನ್ನುತ್ತದೆ. ಯಂತ್ರ ಕೆಟ್ಟಿದೆ ಅಂತ ಹೆದರಬೇಡಿ.

ಮ್ಯಾಪ್ ಬಗ್ಗೆ ಮಾತ್ರ ಚೌಕಾಸಿ ಮಾಡಬೇಡಿ. ಬರೀ ಗೆರೆ ತೋರಿಸುವುದಕ್ಕಿಂತ ಪೂರ್ತಿ ನಕ್ಷೆ ಇರುವುದನ್ನೇ ತಗೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಒಂದು ತೂಬು ದಾಟಿದರೆ ನಾಲ್ಕು ದಾರಿ ಒಡೆಯುತ್ತವೆ, ನಾಲ್ಕೂ ಒಂದೇ ಥರ ಕಾಣುತ್ತವೆ. ಈ ಕಂಪ್ಯೂಟರ್‌ಗಳ ನಕ್ಷೆ ಹೆಚ್ಚಾಗಿ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಬಂದದ್ದು. ಅದನ್ನು ಯಾರು ಬೇಕಾದರೂ ತಿದ್ದಬಹುದು. ನಮ್ಮ ಅವ್ವನ ತವರಿಗೆ ಹೋಗುವ ಕಾಲುವೆ ರಸ್ತೆ ಅದರಲ್ಲಿ ಇರಲೇ ಇಲ್ಲ. ನಾನು ಓಡಾಡಿದ ಗೆರೆಯನ್ನೇ ಇಟ್ಟುಕೊಂಡು ಆ ರಸ್ತೆ, ಎರಡು ಸೇತುವೆ, ಒಂದು ಕುಡಿಯುವ ನೀರಿನ ನಳ ಸೇರಿಸಿದೆ. ಕೆಲವು ತಿಂಗಳ ಮೇಲೆ ಹೊಸ ನಕ್ಷೆ ಇಳಿಸಿಕೊಂಡಾಗ ಆ ರಸ್ತೆ ನನ್ನ ಪರದೆ ಮೇಲೆ ಮೂಡಿತು. ಆ ದಿನ ಆದ ಖುಷಿ ಬ್ರೆವೆ ಮುಗಿಸಿದಾಗಲೂ ಆಗಿರಲಿಲ್ಲ.

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. 200ರ ಬ್ರೆವೆಗೆ ಸಿಗುವ ಸಮಯ ಹದಿಮೂರೂವರೆ ಗಂಟೆ. ನನ್ನದು ಹೊಸದರಲ್ಲಿ 18 ಗಂಟೆ ಬರುತ್ತಿತ್ತು, ಈಗ 14. ಐಜಿಪಿಎಸ್‌ಪೋರ್ಟ್ ಬಿಎಸ್‌ಸಿ 100ಎಸ್‌ನಂಥ ಕಡಿಮೆ ಬೆಲೆಯದ್ದಕ್ಕೇ ಕಂಪನಿ 40 ಗಂಟೆ ಹೇಳುತ್ತದೆ, ಆದರೆ ಅದರಲ್ಲಿ ನಕ್ಷೆ ಇಲ್ಲ. ನನ್ನ ಮೊದಲನೇ ಪೀಸ್ ಮೊದಲ ಮಳೆಗಾಲದಲ್ಲೇ ಒಳಗೆ ಹಬೆ ಕಟ್ಟಿಕೊಂಡು ಸತ್ತಿತು. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳದಲ್ಲಿ ಭತ್ತದ ಹೊಟ್ಟು ಒಂದು ಎಳೆ ಸಿಕ್ಕಿಕೊಂಡಿತ್ತು, ಅಲ್ಲಿಂದಲೇ ನೀರು ಇಳಿದಿತ್ತು. ಸುಗ್ಗಿಯಲ್ಲಿ ರಸ್ತೆ ಮೇಲೇ ಭತ್ತ ಒಣಹಾಕಿರುತ್ತಾರೆ, ಹೊಟ್ಟು ಎಲ್ಲ ಕಡೆ ಹಾರುತ್ತದೆ. ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ಕೊರಿಯರ್ ಮಾಡಿದೆ. 40 ದಿನ ಕಾಯಿಸಿ, ಹತ್ತು ಸಲ ಫೋನ್ ಮಾಡಿಸಿಕೊಂಡು ಬದಲಿ ಕೊಟ್ಟರು. ಬಿಲ್ ಮತ್ತು ಡಬ್ಬಿ ಇಟ್ಟುಕೊಂಡಿದ್ದಕ್ಕೆ ಅದೂ ಸಿಕ್ಕಿತು. ಈಗ ಪ್ರತಿ ಸಲ ಮುಚ್ಚಳ ಹಾಕುವಾಗ ಬೆರಳಿನಿಂದ ಅಂಚು ಸವರಿ ನೋಡುತ್ತೇನೆ.

ಕ್ಯಾಮೆರಾ ಕೊಂಡು ಒಂದೂವರೆ ವರ್ಷ. ಇಲ್ಲಿ ಪೆಟ್ಟಿಗೆ ಮೇಲಿನ ಮಾತಿಗೂ ನಮ್ಮ ರಸ್ತೆಗೂ ಬಹಳ ಅಂತರ. 4ಕೆ 60ರಲ್ಲಿ, ಅಂದರೆ ತುಂಬ ಸ್ಪಷ್ಟವಾದ 4ಕೆ ವಿಡಿಯೊವನ್ನು ಸೆಕೆಂಡಿಗೆ 60 ಚಿತ್ರದಂತೆ ತೆಗೆಯುವಾಗ, ಸೆಕೆಂಡಿಗೆ 100 ಮೆಗಾಬಿಟ್ ಬರೆದರೆ ಗಂಟೆಗೆ 45 ಜಿಬಿ. ಅಂದರೆ 64 ಜಿಬಿ ಕಾರ್ಡ್ ಒಂದೂವರೆ ಗಂಟೆಯೂ ಬರುವುದಿಲ್ಲ. ಬ್ಯಾಟರಿ ಅದಕ್ಕೂ ಮೊದಲೇ ಮುಗಿಯುತ್ತದೆ. ಇಡೀ ರೈಡ್ ಹಿಡಿಯುವ ಆಸೆ ಬಿಡಿ. ನಾನೀಗ ಅದಕ್ಕಿಂತ ಕಡಿಮೆ ಸ್ಪಷ್ಟತೆಯ 1080ಪಿಯಲ್ಲಿ ಲೂಪ್ ರೆಕಾರ್ಡಿಂಗ್ ಹಾಕಿರುತ್ತೇನೆ. ಹಳೆಯದನ್ನು ಅಳಿಸಿಕೊಂಡು ಹೊಸದು ಬರೆಯುತ್ತದೆ. ಚೆಂದದ ಜಾಗ ಬಂದಾಗ ಮಾತ್ರ 4ಕೆ. ಕಾರ್ಡ್ ಮೇಲೆ ಬರೆಯುವ ವೇಗ ಹೇಳುವ ವಿ30 ಗುರುತು ಇರಲೇಬೇಕು, ಅದನ್ನು ನಂಬಿಕೆಯ ಅಂಗಡಿಯಲ್ಲೇ ಕೊಳ್ಳಿ.

ಬಿಸಿಲು ಇದಕ್ಕೂ ಶತ್ರು. ಸೈಕಲ್ ಓಡುವಾಗ ಗಾಳಿ ಬಡಿದು ಕ್ಯಾಮೆರಾ ತಣ್ಣಗಿರುತ್ತದೆ. ನಿಂತರೆ ಮುಗಿಯಿತು. ಕನಕಗಿರಿ ದಾರಿಯಲ್ಲಿ ಒಂದು ದಿನ ದೊಡ್ಡ ಕುರಿ ಹಿಂಡು ರಸ್ತೆ ತುಂಬ ಬಂತು. ಮುಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರುಬರ ಅಜ್ಜ, ಹಿಂದೆ ಕತ್ತೆ ಮೇಲೆ ಮರಿಗಳು. ಇದನ್ನು ಬಿಡಬಾರದು ಅಂತ ಕಾಲೂರಿ ನಿಂತು 4ಕೆ ಹಾಕಿದೆ. ಹಿಂಡು ಅರ್ಧ ದಾಟುವಷ್ಟರಲ್ಲಿ ಪರದೆ ಮೇಲೆ ಥರ್ಮಾಮೀಟರ್ ಚಿತ್ರ ಬಂದು ಕ್ಯಾಮೆರಾ ಬಂದ್ ಆಯಿತು. ಮರಿಗಳು ಬರುವ ಹೊತ್ತಿಗೆ ನನ್ನ ಬಳಿ ಕಣ್ಣು ಮಾತ್ರ ಇತ್ತು. ಕೊಳ್ಳುವ ಮೊದಲು ಎಷ್ಟು ಡಿಗ್ರಿವರೆಗೆ ತಡೆಯುತ್ತದೆ ಅಂತ ಕಂಪನಿ ಬರೆದಿರುವುದನ್ನು ಓದಿ. ಡಿಜೆಐ ಓಸ್ಮೋ ಆ್ಯಕ್ಷನ್ 3ಕ್ಕೆ 45 ಡಿಗ್ರಿ ಅಂತ ಬರೆದಿದ್ದಾರೆ. ನಮ್ಮ ಕಡೆಗೆ ಅಷ್ಟಾದರೂ ಬೇಕು.

ಲೆನ್ಸ್ ಮೇಲಿನ ಗಾಜು ಬದಲಿಸಲು ಬರುವಂಥದ್ದನ್ನೇ ಆರಿಸಿ, ಒಂದು ಗಾಜು ಜಾಸ್ತಿ ತಂದಿಟ್ಟುಕೊಳ್ಳಿ. ಗಿಣಿಗೇರಿ ಹತ್ತಿರ ಗಾಳಿಯಲ್ಲಿ ಕಬ್ಬಿಣದ ಕಪ್ಪು ಪುಡಿ ಇರುತ್ತದೆ. ಅದನ್ನು ಜೆರ್ಸಿಯಿಂದ ಒರೆಸಿ ನನ್ನ ಮೊದಲ ಗಾಜಿನ ಮೇಲೆ ಕೂದಲೆಳೆಯಂಥ ಗೀರುಗಳನ್ನು ಮಾಡಿಕೊಂಡೆ. ಸೂರ್ಯ ಎದುರಿಗೆ ಬಂದಾಗ ಒಂದೊಂದು ಗೀರೂ ಹೊಳೆಯುತ್ತದೆ. ಬಾಟಲಿಯಿಂದ ನೀರು ಹುಯ್ದು ಪುಡಿ ತೊಳೆದು, ಆಮೇಲೆ ಬಟ್ಟೆ ಮುಟ್ಟಿಸಿ. ಕ್ಯಾಮೆರಾ ಹ್ಯಾಂಡಲ್ ಮೇಲೆ ಇಡುವುದಕ್ಕಿಂತ ಎದೆ ಮೇಲೆ ಕಟ್ಟುವುದು ಒಳ್ಳೆಯದು, ನಡುಕವನ್ನು ಮೈಯೇ ನುಂಗುತ್ತದೆ. ಸೂರ್ಯ ಹುಟ್ಟುವ ಮೊದಲು ತೆಗೆದದ್ದು ಮಾತ್ರ ಎಲ್ಲಿ ಕಟ್ಟಿದರೂ ಕಲಸಿದ ಹಾಗೆ ಬರುತ್ತದೆ. ಬೆಳಕು ಕಡಿಮೆ ಇದ್ದಾಗ ಒಂದೊಂದು ಚಿತ್ರಕ್ಕೆ ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಸೈಕಲ್ ಅಲುಗಿರುತ್ತದೆ. ಅಂಜನಾದ್ರಿ ಹಿಂದೆ ಬೆಳಕು ಹರಿಯುವುದು ಬೇಕಿದ್ದರೆ ಸೈಕಲ್ ನಿಲ್ಲಿಸಿಯೇ ತೆಗೆಯಿರಿ.

ವಿಡಿಯೊ ಮೇಲೆ ವೇಗ, ಎದೆಬಡಿತ ಕಾಣಬೇಕು ಅಂತ ಜಿಪಿಎಸ್ ಇರುವ ಕ್ಯಾಮೆರಾನೇ ಹುಡುಕುತ್ತಾರೆ. ಗೋಪ್ರೊ ಹೀರೊ 12ರಲ್ಲಿ ಜಿಪಿಎಸ್ ತೆಗೆದಿದ್ದರು, 2024ರ ಹೀರೊ 13ರಲ್ಲಿ ಮತ್ತೆ ತಂದರು. ಕಂಪ್ಯೂಟರ್ ಇದ್ದವರಿಗೆ ಅದರ ಹಂಗು ಬೇಡ. ರೆಕಾರ್ಡ್ ಒತ್ತಿದ ಕೂಡಲೇ ಕಂಪ್ಯೂಟರ್ ಪರದೆಯ ಗಡಿಯಾರವನ್ನು ಕ್ಯಾಮೆರಾಕ್ಕೆ ಎರಡು ಸೆಕೆಂಡ್ ತೋರಿಸಿ. ಆ ಗಡಿಯಾರ ಉಪಗ್ರಹದಿಂದ ಬಂದದ್ದು, ತಪ್ಪುವುದಿಲ್ಲ. ಮನೆಯಲ್ಲಿ ಎರಡು ಫೈಲ್ ಜೋಡಿಸುವಾಗ ಆ ಎರಡು ಸೆಕೆಂಡ್ ಸಾಕು.

ಒಂದು ಮಾತು ಹೇಳಲೇಬೇಕು. ಕಾಲುವೆ ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿರುತ್ತಾರೆ. ಒಬ್ಬ ಅಕ್ಕ ನನ್ನ ಎದೆ ಮೇಲಿನ ಕೆಂಪು ದೀಪ ನೋಡಿ "ಏನ್ ತಗೀಲಿಕ್ಕತ್ತಿ ತಮ್ಮಾ?" ಅಂತ ಕೇಳಿದರು. ಸಿಟ್ಟಿಲ್ಲ, ಆದರೆ ಸೆರಗು ಎಳೆದುಕೊಂಡರು. ನಾನು ಇಳಿದು, ಅವರ ಮುಂದೆಯೇ ಅಳಿಸಿದೆ. ಅಲ್ಲಿಂದ ಈಚೆಗೆ ಊರ ಹತ್ತಿರದ ಕಾಲುವೆ ಬಂದರೆ ಕ್ಯಾಮೆರಾ ಬಂದ್.

ಹಾಗಾದರೆ ಕ್ಯಾಮೆರಾ ಬೇಕೇ ಬೇಕಾ? ನಮ್ಮ ಅವ್ವನಿಗೆ ಮಂಡಿ ನೋವು, ತವರಿಗೆ ಹೋಗಿ ನಾಲ್ಕು ವರ್ಷ ಆಗಿತ್ತು. ನಾನು ನಕ್ಷೆಗೆ ಸೇರಿಸಿದ ಆ ಕಾಲುವೆ ರಸ್ತೆಯ ವಿಡಿಯೊವನ್ನು ಟಿವಿಗೆ ಹಾಕಿ ತೋರಿಸಿದೆ. ಮೊದಲು ಸುಮ್ನೆ ನೋಡುತ್ತಿದ್ದಳು. ಒಂದು ಕಡೆ ಕೈ ಮುಂದೆ ಮಾಡಿ, "ಅಲ್ಲೇ ನಿಂದ್ರಸು. ಅದು ನಮ್ಮ ಹೊಲದ ತೂಬಲ್ಲೇನು?" ಅಂದಳು. ಹೌದು, ಅದೇ. ತೂಬಿನ ಕಟ್ಟೆ ಮೇಲೆ ಯಾರೋ ಒಣಹಾಕಿದ ಟವೆಲ್ ಇತ್ತು. ಅದನ್ನೂ ಯಾರದು ಅಂತ ಕೇಳಿದಳು. ಹಿಂದಕ್ಕೆ ಹೊಡೆದು ಮೂರು ಸಲ ನೋಡಿದಳು. ಅವಳಿಗೆ ತೂಬಿನ ಆಚೆಯ ಬನ್ನಿ ಗಿಡ ಕಾಣಲಿಲ್ಲವಂತೆ. ನಾನು ನೇರ ಹೋಗಿಬಿಟ್ಟಿದ್ದೆ, ಅಲ್ಲಿ ಎಡಕ್ಕೆ ತಿರುಗಬೇಕಿತ್ತು.

ಬರುವ ಭಾನುವಾರ ಎಡಕ್ಕೆ ತಿರುಗುತ್ತೇನೆ. ಎರಡು ಬ್ಯಾಟರಿ ಚಾರ್ಜ್‌ಗೆ ಹಾಕಿದ್ದೇನೆ. ಆ ದಾರಿ ನಕ್ಷೆಯಲ್ಲಿ ಇನ್ನೂ ಇಲ್ಲ.