ಸಕಾಲದ ಚೀಟಿ: 2012ರಿಂದ ಇಂದಿನವರೆಗೆ ಬಳಸಿದ ಅನುಭವ

ಸರ್ಕಾರಿ ಸೇವೆಗಳನ್ನು ನಿಗದಿತ ದಿನದೊಳಗೆ ಕೊಡಲೇಬೇಕು ಎನ್ನುವ ಕರ್ನಾಟಕದ ವ್ಯವಸ್ಥೆಯೇ ಸಕಾಲ. ಅದರ ಸ್ವೀಕೃತಿ ಚೀಟಿಗಳನ್ನು ನಾನು ಎಸೆಯುವುದಿಲ್ಲ. ಪಡಿತರ ಚೀಟಿ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಅವೂ ಇವೆ. ಮೊದಲನೆಯದು 2012ರದು, ತಮ್ಮನ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಹಾಕಿದ ಅರ್ಜಿಯದು. ಶಾಯಿ ಮಾಸಿದೆ, 15 ಅಂಕಿಗಳ ಸಂಖ್ಯೆಯಲ್ಲಿ ಕೊನೆಯ ನಾಲ್ಕಷ್ಟೇ ಓದಲು ಸಿಗುತ್ತವೆ.

ಆ ವರ್ಷದ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ಸಕಾಲ ರಾಜ್ಯದಾದ್ಯಂತ ಜಾರಿಗೆ ಬಂತು. ಅಪ್ಪ ಆ ಮೊದಲ ಚೀಟಿಯನ್ನು ಬೆಳಕಿಗೆ ಹಿಡಿದು ಗಡುವಿನ ತಾರೀಖನ್ನು ಎರಡು ಸಲ ಓದಿದರು. ಶುಲ್ಕ ಕಟ್ಟಲು, ಕಂದಾಯ ತುಂಬಲು, ಅರ್ಜಿ ಹಾಕಲು ಅಲ್ಲಿಯವರೆಗೆ ಗಡುವು ಇದ್ದದ್ದು ನಮಗೆ ಮಾತ್ರ. ಅಂದು ಮೊದಲ ಬಾರಿಗೆ ಕಚೇರಿಗೂ ಒಂದು ಗಡುವು ಬಂದಿತ್ತು. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಸುತ್ತು ಹಾಕಿದೆವು. ಅದಕ್ಕೆ ಎರಡು ದಿನ ಮೊದಲೇ ಪ್ರಮಾಣಪತ್ರ ಕೈಗೆ ಬಂತು. ಆಮೇಲೆ ಪ್ರತಿ ಅರ್ಜಿಗೂ ಕೆಂಪು ಸುತ್ತು ಮನೆಯ ರೂಢಿಯಾಯಿತು.

ಕಳೆದ ವರ್ಷ ಅಪ್ಪ ತೀರಿಕೊಂಡ ಮೇಲೆ ವಂಶವೃಕ್ಷಕ್ಕೆ ಅರ್ಜಿ ಹಾಕಿದೆ. ಗಡುವಿನ ದಿನ ಮೊಬೈಲಿಗೆ ಸಂದೇಶ ಬಂತು: ತಿರಸ್ಕೃತ. ದಾಖಲೆ ಸಾಲದಂತೆ. ಇಷ್ಟೂ ದಿನ ಯಾರೂ ಒಂದು ಮಾತು ಕೇಳಿರಲಿಲ್ಲ. ಕಾಗದದ ಮೇಲೆ ಆ ಅರ್ಜಿ ಸಕಾಲದಲ್ಲಿ ವಿಲೇವಾರಿಯಾಗಿತ್ತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೊಡಬೇಕು, ಅದು ಹೊಣೆಗಾರ ಅಧಿಕಾರಿಯಿಂದಲೇ ವಸೂಲಾಗಬೇಕು ಎಂಬ ನಿಯಮವಿದೆ. ಕೊನೆಯ ದಿನ ತಿರಸ್ಕರಿಸಿಬಿಟ್ಟರೆ ತಡವೇ ಆಗಿಲ್ಲವಲ್ಲ! ನಾನು ಹೊಲಿಗೆ ಅಂಗಡಿ ನಡೆಸುವವಳು. ಬಾಗಿಲು ಹಾಕಿ ಕಚೇರಿಗೆ ಹೋದರೆ ಆ ದಿನದ ದುಡಿಮೆ ಹೋದಂತೆ. ಆ ತಿಂಗಳು ನಾಲ್ಕು ದಿನ ಬಾಗಿಲು ಹಾಕಿದೆ. ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು, ಏಕೆಂದರೆ ನಾನು ಈ ವ್ಯವಸ್ಥೆಯನ್ನು ನಂಬಿದ್ದೆ.

ಮೇಲ್ಮನವಿಗೆ ಅವಕಾಶವಿದೆ ಎಂದು ಹೇಳಿದವರು ಅದೇ ಕಚೇರಿಯ ಕಂಪ್ಯೂಟರ್ ಮುಂದೆ ಕೂರುವ ಹುಡುಗಿ. ಹಾಕಿದೆ. ಮೇಲಧಿಕಾರಿ ಕಡತ ತರಿಸಿಕೊಂಡು ನೋಡಿದರು. ಬೇಕೆಂದ ದಾಖಲೆ ಮೊದಲಿನಿಂದಲೂ ಅದರಲ್ಲೇ ಇತ್ತು. ವಂಶವೃಕ್ಷ ಸಿಕ್ಕಿತು. ಅರ್ಜಿಯಲ್ಲಿ ಕೊರತೆಯಿದ್ದರೆ ಮೊದಲ ವಾರದಲ್ಲೇ ತಿಳಿಸಬೇಕು ಎಂಬ ಕಟ್ಟುನಿಟ್ಟು ಬಂದರೆ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ. ಈಗ ಮೂರೂವರೆ.

ಅಮ್ಮನ ವಿಧವಾ ವೇತನಕ್ಕೆ ಈ ಸೋಮವಾರ ಅರ್ಜಿ ಹಾಕಿದ್ದೇನೆ. ಕ್ಯಾಲೆಂಡರಿನಲ್ಲಿ ಈ ಸಲ ಎರಡು ಸುತ್ತುಗಳಿವೆ: ಒಂದು ಗಡುವಿನ ದಿನಕ್ಕೆ, ಇನ್ನೊಂದು ಅದಕ್ಕಿಂತ ಹತ್ತು ದಿನ ಮೊದಲು, ಕಡತದಲ್ಲಿ ಎಲ್ಲವೂ ಸರಿಯಿದೆಯೇ ಎಂದು ಹೋಗಿ ಕೇಳಲು.