ರಸ್ತೆ ತಡೆಗೆ ಕೂರುವ ಮುನ್ನ ನನ್ನ ಕೇಸಿನ ಕತೆ ಕೇಳಿ

2016ರ ಸೆಪ್ಟೆಂಬರ್ 5. ತಮಿಳುನಾಡಿಗೆ ಹತ್ತು ದಿನ, ದಿನಕ್ಕೆ 15,000 ಕ್ಯೂಸೆಕ್ಸ್ ಕಾವೇರಿ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಆದೇಶ ಬಂತು. ನಮ್ಮೂರು ಮದ್ದೂರಿನ ಕಡೆ, ವಿಶ್ವೇಶ್ವರಯ್ಯ ನಾಲೆ ನಂಬಿದ ಊರು. ಆ ವರ್ಷ ಮಳೆ ಕೈ ಕೊಟ್ಟಿತ್ತು, ಕಬ್ಬು ಬುಡದಿಂದ ಒಣಗುತ್ತಿತ್ತು. ಅಪ್ಪ ದಿನಾ ನಾಲೆ ಏರಿಯ ಮೇಲೆ ಹೋಗಿ ನಿಂತು ಬರುತ್ತಿದ್ದರು. ಹಾಗಾಗಿ ಪ್ರತಿಭಟನೆಗೆ ಬಾ ಅಂತ ಯಾರೂ ನನ್ನನ್ನು ಎಳೆದುಕೊಂಡು ಹೋಗಬೇಕಿರಲಿಲ್ಲ. ನಾನಾಗಿಯೇ ಹೋದೆ.

ಆಗ ನನಗೆ 23. ಡಿಪ್ಲೊಮಾ ಮುಗಿದಿತ್ತು. ಒಂದು ಪಕ್ಷದ ತಾಲ್ಲೂಕು ಯುವ ಘಟಕದಲ್ಲಿ ಓಡಾಡುತ್ತಿದ್ದೆ. ಪಕ್ಷದ ಹೆಸರು ಬೇಡ. ಯಾವ ಬಣ್ಣದ ಶಾಲು ಹಾಕಿದ್ದರೂ ಇದೇ ಆಗುತ್ತಿತ್ತು ಅನ್ನೋದು ಆಮೇಲೆ ಕೋರ್ಟಿನ ಜಗಲಿಯಲ್ಲಿ ಬೇರೆ ಪಕ್ಷದ ಹುಡುಗರನ್ನು ಕಂಡಾಗ ಗೊತ್ತಾಯಿತು.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕೂರೋಣ ಅಂದರು ನಮ್ಮ ಮುಖಂಡರು. "ಅಣ್ಣಾ, ಪರ್ಮಿಷನ್ ಆಗಿದೆಯಾ?" ಅಂತ ಒಬ್ಬ ಹುಡುಗ ಕೇಳಿದ. "ನಾನಿಲ್ವೇನೋ, ಬಾ" ಅಂದರು. ಟೈರಿಗೆ ಬೆಂಕಿ ಬಿತ್ತು. ಬೇಕೇ ಬೇಕು ನ್ಯಾಯ ಬೇಕು ಅಂತ ಕೂಗಿದೆವು. ಟಿವಿಯವರು, ಪೇಪರಿನವರು ಬಂದಾಗ ಮುಖಂಡರು ಮೊದಲ ಸಾಲಿನಲ್ಲಿ ಮಲಗಿದ್ದರು. ಪೊಲೀಸ್ ವ್ಯಾನು ಬರುವ ಹೊತ್ತಿಗೆ ಅವರ ಕಾರು ಹೋಗಿಯಾಗಿತ್ತು. ನಮ್ಮನ್ನು ಸಂಜೆವರೆಗೆ ಒಂದು ಕಲ್ಯಾಣ ಮಂಟಪದಲ್ಲಿ ಕೂರಿಸಿ, ಚಿತ್ರಾನ್ನ ಕೊಟ್ಟು, ಹೆಸರು ವಿಳಾಸ ಬರೆದುಕೊಂಡು ಬಿಟ್ಟರು. ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ. ಎಫ್‌ಐಆರ್‌ನಲ್ಲಿ ನಾಲ್ಕೈದು ಹೆಸರು, ಅದರ ಕೆಳಗೆ "ಮತ್ತು ಇತರರು" ಅಂತ ಇತ್ತು. ಈ ಎರಡು ಪದ ನೆನಪಿಡಿ. ತನಿಖೆ ಮುಗಿಯುವಷ್ಟರಲ್ಲಿ ಆ "ಇತರರು" ಅನ್ನುವ ಜಾಗಕ್ಕೆ ಹೆಸರುಗಳು ಬಂದು ಕೂರುತ್ತವೆ. ನನ್ನ ಹೆಸರು ಹೇಗೆ ಬಂತು ಗೊತ್ತಾ? ಮಂಟಪದಲ್ಲಿ ಬರೆದುಕೊಂಡ ಪಟ್ಟಿ ಒಂದು. ಇನ್ನೊಂದು, ನಮ್ಮ ಘಟಕದವರೇ ಫೇಸ್‌ಬುಕ್ಕಿಗೆ ಹಾಕಿದ ಫೋಟೋ. ಎಲ್ಲರ ಹೆಸರನ್ನೂ ಟ್ಯಾಗ್ ಮಾಡಿದ್ದರು. ಆ ಫೋಟೋದ ಪ್ರಿಂಟು ಚಾರ್ಜ್‌ಶೀಟಿನ ಜೊತೆಗಿತ್ತು. ಉರಿಯುವ ಟೈರಿನ ಪಕ್ಕ ಕೈ ಎತ್ತಿ ನಿಂತಿದ್ದೇನೆ, ಮುಖ ಸ್ಪಷ್ಟವಾಗಿ ಕಾಣುತ್ತದೆ.

2018ರಲ್ಲಿ ಒಬ್ಬ ಕಾನ್‌ಸ್ಟೇಬಲ್ ಮನೆಗೆ ಸಮನ್ಸ್ ತಂದರು. ಅಮ್ಮನ ಕೈಗೆ ಕೊಟ್ಟರು. ಅಕ್ರಮ ಕೂಟ, ದೊಂಬಿ, ದಾರಿ ತಡೆದದ್ದು: ಆಗಿನ ಐಪಿಸಿ (ಭಾರತೀಯ ದಂಡ ಸಂಹಿತೆ) 143, 147, 341, 283. ಮುಖಂಡರಿಗೆ ಫೋನ್ ಮಾಡಿದೆ. "ಎಲ್ಲಾ ಬೇಲಬಲ್ ಸೆಕ್ಷನ್ ಕಣಪ್ಪಾ, ಸರ್ಕಾರ ವಾಪಸ್ ತಗೊಳ್ಳುತ್ತೆ" ಅಂದರು. ಜಾಮೀನು ಸಿಗುತ್ತದೆ ನಿಜ. ಆದರೆ ಶ್ಯೂರಿಟಿಗೆ ಪಹಣಿ ಹಿಡಿದು ಬಂದದ್ದು ನಮ್ಮ ಸೋದರಮಾವ. ವಕೀಲರ ಫೀಸು ಕೊಟ್ಟದ್ದು ಅಪ್ಪ. ಕೇಸು ವಾಪಸ್ ಅನ್ನೋದೂ ಮಂತ್ರಿಯ ಒಂದು ಮಾತಿಗೆ ಆಗುವ ಕೆಲಸವಲ್ಲ. ಸರ್ಕಾರ ತೀರ್ಮಾನ ಮಾಡಿದರೂ ಸರ್ಕಾರಿ ವಕೀಲರು ಅರ್ಜಿ ಹಾಕಬೇಕು, ನ್ಯಾಯಾಧೀಶರು ಒಪ್ಪಬೇಕು. ನಮ್ಮ ಕೇಸಿನಲ್ಲಿ ಆ ಅರ್ಜಿ ಬರಲೇ ಇಲ್ಲ.

ವಾಯಿದೆ ಮೇಲೆ ವಾಯಿದೆ. ಬೆಳಗ್ಗೆ ಹತ್ತೂವರೆಗೆ ಹೋಗಿ ನಿಲ್ಲಬೇಕು, ಹೆಸರು ಕೂಗುವ ತನಕ ಟೀ ಕುಡಿಯಲೂ ಹೆದರಿಕೆ. ಒಮ್ಮೆ ಜ್ವರ ಅಂತ ಹೋಗದೆ ಇದ್ದದ್ದಕ್ಕೆ ವಾರಂಟ್ ಆಯಿತು.

ಅದಕ್ಕಿಂತ ದೊಡ್ಡ ಏಟು ಬಿದ್ದದ್ದು 2019ರಲ್ಲಿ. ದುಬೈಯಲ್ಲಿ ಕೆಲಸ ಗೊತ್ತಾಗಿತ್ತು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಪೊಲೀಸ್ ವೆರಿಫಿಕೇಷನ್‌ನಲ್ಲಿ ಕೇಸು ಬಂತು. ಕೇಸು ನಡೆಯುತ್ತಿದ್ದರೆ ಅದೇ ಕೋರ್ಟಿನ ಅನುಮತಿ ತರಬೇಕು. ತರುವಷ್ಟರಲ್ಲಿ ಕಂಪನಿಯವರು ಬೇರೆಯವರನ್ನು ಕರೆದುಕೊಂಡಿದ್ದರು. ಅಷ್ಟು ಹೊತ್ತಿಗೆ ನಮ್ಮ ಮುಖಂಡರು ಬೇರೆ ಪಕ್ಷದಲ್ಲಿದ್ದರು.

2022ರಲ್ಲಿ ಸಾಕ್ಷಿ ಸಾಲದು ಅಂತ ಖುಲಾಸೆ ಆಯಿತು. ಆರು ವರ್ಷ. ತೀರ್ಪಿನ ದೃಢೀಕೃತ ಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ, ಈಗಲೂ ಎಲ್ಲಿಗೆ ಅರ್ಜಿ ಹಾಕಿದರೂ ಬೇಕಾಗುತ್ತದೆ.

ಹೋರಾಟಕ್ಕೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಕಾವೇರಿ ಇರಲಿ, ಮಹದಾಯಿ ಇರಲಿ, ದೆಹಲಿಯ ಯಾವುದೋ ಕಾನೂನಿರಲಿ, ಬೀದಿಗೆ ಇಳಿಯದೆ ನಮ್ಮ ಮಾತು ಯಾರಿಗೂ ಕೇಳೋದಿಲ್ಲ. ಆದರೆ ಅನುಮತಿ ಪತ್ರವನ್ನು ಕಣ್ಣಾರೆ ನೋಡಿ. ಅದರಲ್ಲಿ ಆಯೋಜಕರು ಅಂತ ಯಾರ ಸಹಿ ಇದೆ ನೋಡಿ. ಕೇಸಾದರೆ ವಕೀಲರು ಯಾರು ಅಂತ ಮೊದಲೇ ಕೇಳಿ. ಧರಣಿಗೆ ಅಂತ ಕೊಟ್ಟ ಜಾಗ ಬಿಟ್ಟು ಹೆದ್ದಾರಿಗೆ ಹೋಗೋಣ ಅಂದರೆ ಅಲ್ಲಿಂದ ಎದ್ದು ಬನ್ನಿ. ಹುಡುಗರ ಮುಖ ಕಾಣುವ ಫೋಟೋ ಹಾಕಬೇಡಿ. ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ಆ್ಯಪಿನಲ್ಲಿ ಆಗಾಗ ನಿಮ್ಮ ಹೆಸರು ಹುಡುಕಿ ನೋಡಿ, ಸಮನ್ಸ್ ಬರುವ ಮೊದಲೇ ಗೊತ್ತಾಗಬಹುದು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸೆಕ್ಷನ್ ನಂಬರ್ ಬದಲಾಗಿದೆ, ಆದರೆ ನನ್ನ ಮೇಲೆ ಹಾಕಿದ್ದ ಅಪರಾಧಗಳು ಅದರಲ್ಲೂ ಇವೆ.

2023ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕಾವೇರಿ ಗಲಾಟೆ ಎದ್ದಾಗ ಪಕ್ಕದ ಮನೆಯ ಹುಡುಗ ಶಾಲು ಹಾಕಿಕೊಂಡು ಹೊರಟಿದ್ದ. ಹತ್ತೊಂಬತ್ತು ವರ್ಷ. ತಡೆಯಲಿಲ್ಲ. ಲ್ಯಾಮಿನೇಷನ್ ಮಾಡಿದ ಆ ಹಾಳೆ ಕೈಗೆ ಕೊಟ್ಟು, ಪೂರ್ತಿ ಓದಿಸಿದೆ. ಆಮೇಲೆ ಇಬ್ಬರೂ ಒಟ್ಟಿಗೆ ಬಸ್ಸು ಹತ್ತಿ ಮಂಡ್ಯದ ಧರಣಿ ಜಾಗಕ್ಕೆ ಹೋದೆವು. ಶಾಮಿಯಾನದ ಕೆಳಗೆ ಸಂಜೆವರೆಗೂ ಕೂತಿದ್ದೆವು. ಹೆದ್ದಾರಿಗೆ ನಡೀರಿ ಅಂತ ಕೆಲವರು ಎದ್ದಾಗ ಅವನು ನನ್ನ ಮುಖ ನೋಡಿದ, ಕೂತಲ್ಲೇ ಉಳಿದ.